ಹಾಡಬಾರದ ಹಲಗೆ

ವೀಣೆ ಮಾಡುವವರು ಹಲಸಿನ ಮರವನ್ನು ಆರಿಸುವಾಗ ತಟ್ಟಿ ಕೇಳುತ್ತಾರೆ. ಪಿಟೀಲಿನ ಮೇಲುಹಲಗೆಗೆ ಸ್ಪ್ರೂಸ್ ಮರವೇ ಆಗಬೇಕೆಂದು ಯುರೋಪಿನ ಕುಶಲಕರ್ಮಿಗಳು ಶತಮಾನಗಳಿಂದ ಹಟ ಹಿಡಿದಿದ್ದಾರೆ. ನಾದವಿರುವುದು ಮರದಲ್ಲಿ ಎಂಬ ನಂಬಿಕೆ ಎಷ್ಟು ಬಲವಾಗಿದೆಯೆಂದರೆ, ಮನೆಯಲ್ಲೇ ಚಪ್ಪಟೆ ಸ್ಪೀಕರ್ ಮಾಡಿಕೊಳ್ಳಲು ಹೊರಟವರೂ ಮೊದಲು ಒಳ್ಳೆಯ ಮರ ಹುಡುಕಲು ಹೋಗುತ್ತಾರೆ. ಸಿಕ್ಕದಿದ್ದರೆ ಪ್ಲೈವುಡ್, ಅದೂ ಬೇಡವಾದರೆ ನೋಡಲು ಅಂದವೆಂದು ಅಕ್ರಿಲಿಕ್. ತಾರಸಿಯ ಬಿಸಿಲು ತಡೆಯಲು ಹಾಸುವ ಫೋಮ್ ಹಾಳೆಯಾಗಲಿ, ಟಿ.ವಿ. ಡಬ್ಬದೊಳಗೆ ಬರುವ ಥರ್ಮಾಕೋಲ್ ಆಗಲಿ ಅವರ ಪಟ್ಟಿಯ ತೀರಾ ಕೊನೆಗೆ ಬರುತ್ತದೆ. ಈ ಪಟ್ಟಿಯನ್ನು ತಲೆಕೆಳಗು ಮಾಡಬೇಕು ಎಂಬುದು ನನ್ನ ವಾದ. ವಾದ್ಯದ ಹಲಗೆ ತಂತಿಯ ಸದ್ದಿಗೆ ತನ್ನ ದನಿಯನ್ನು ಸೇರಿಸಲೆಂದೇ ಇರುವಂಥದು. ಸ್ಪೀಕರಿನ ಹಲಗೆಯ ಮೂಲಕ ಇವತ್ತು ಭೀಮಸೇನ ಜೋಶಿಯವರ ಕಂಠ ಬರಬೇಕು, ನಾಳೆ ದೊರೆಸ್ವಾಮಿ ಅಯ್ಯಂಗಾರರ ವೀಣೆ ಬರಬೇಕು. ಅದಕ್ಕೆ ಸ್ವಂತ ದನಿಯಿದ್ದರೆ ಇಬ್ಬರಿಗೂ ಅನ್ಯಾಯ.

ಸಾಮಾನ್ಯ ಸ್ಪೀಕರಿನಲ್ಲಿ ಕಾಗದದ ಶಂಕುವೊಂದು ಇಡಿಯಾಗಿ ಹಿಂದೆ ಮುಂದೆ ಓಡಾಡಿ ಗಾಳಿಯನ್ನು ತಳ್ಳುತ್ತದೆ. ಅದರ ಬೆನ್ನಿನಿಂದ ಹೊರಡುವ ಸದ್ದನ್ನು ಅಡಗಿಸಲು ಪೆಟ್ಟಿಗೆ ಬೇಕು. ಚಪ್ಪಟೆ ಸ್ಪೀಕರಿನಲ್ಲಿ ಶಂಕುವೂ ಇಲ್ಲ, ಪೆಟ್ಟಿಗೆಯೂ ಇಲ್ಲ. ಅಯಸ್ಕಾಂತ ಮತ್ತು ತಂತಿಯ ಸುರುಳಿಯನ್ನಷ್ಟೇ ಉಳಿಸಿಕೊಂಡ, ಅಂಗೈಯೊಳಗೆ ಹಿಡಿಯುವ ಬಿಲ್ಲೆಯಂಥ ಸಾಧನ ಒಂದಿದೆ. ಅದನ್ನು ಎಕ್ಸೈಟರ್ ಎನ್ನುತ್ತಾರೆ. ಹಲಗೆಯ ಬೆನ್ನಿಗೆ ಅದನ್ನು ಅಂಟಿಸಿ ಆಂಪ್ಲಿಫೈಯರಿನ ತಂತಿ ಸೇರಿಸಿದರೆ ಯಂತ್ರಭಾಗ ಮುಗಿಯಿತು. ಸುರುಳಿ ನಡುಗಿದಾಗ ಹಲಗೆ ಇಡಿಯಾಗಿ ಅಲುಗುವುದಿಲ್ಲ. ಆ ಒಂದು ಜಾಗದಿಂದ ಬಾಗುವಿಕೆಯ ಅಲೆಗಳು ಹೊರಟು, ಅಂಚಿಗೆ ಬಡಿದು, ತಿರುಗಿ ಬಂದು, ಒಂದರ ಮೇಲೊಂದು ಬಿದ್ದು ಇಡೀ ಮೈ ಬೇರೆ ಬೇರೆ ತುಂಡುಗಳಾಗಿ ನಡುಗುತ್ತದೆ. ಈ ಅಲೆಗಳ ನಡವಳಿಕೆ ವಿಚಿತ್ರ. ಗಾಳಿಯಲ್ಲಿ ಮಂದ್ರಕ್ಕೂ ತಾರಕ್ಕೂ ಒಂದೇ ವೇಗ, ಸೆಕೆಂಡಿಗೆ ಸುಮಾರು 343 ಮೀಟರ್. ಹಲಗೆಯಲ್ಲಾದರೋ ಆವರ್ತನ ನಾಲ್ಕು ಪಟ್ಟಾದರೆ ಅಲೆಯ ವೇಗ ಎರಡು ಪಟ್ಟಾಗುತ್ತದೆ. ಹೀಗೆ ಏರುತ್ತ ಹೋಗಿ ಒಂದು ಆವರ್ತನದಲ್ಲಿ ಹಲಗೆಯ ಅಲೆ ಗಾಳಿಯ ಅಲೆಗೆ ಸರಿಸಮವಾಗುತ್ತದೆ. ಅಲ್ಲಿಂದ ಮೇಲಕ್ಕೆ ಹಲಗೆ ತನ್ನ ನಡುಕವನ್ನು ಗಾಳಿಗೆ ಧಾರಾಳವಾಗಿ ಕೊಡುತ್ತದೆ, ಅದಕ್ಕಿಂತ ಕೆಳಗೆ ಜಿಪುಣತನ ತೋರಿಸುತ್ತದೆ. ಈ ಗಡಿ ಎಲ್ಲಿ ಬೀಳುತ್ತದೆ ಎಂಬುದನ್ನು ಹಲಗೆಯ ತೂಕ ಮತ್ತು ಬಾಗದಿರುವ ಅದರ ಬಿಗುವು, ಇವೆರಡೇ ತೀರ್ಮಾನಿಸುತ್ತವೆ.

ಈ ವಿದ್ಯೆಯ ಹುಟ್ಟಿನಲ್ಲೇ ಒಂದು ವ್ಯಂಗ್ಯವಿದೆ. ವಿಮಾನ ಮತ್ತು ಹೆಲಿಕಾಪ್ಟರುಗಳಲ್ಲಿ ಬಳಸುವ ಜೇನುಗೂಡು ಹಲಗೆಗಳು ಹಗುರ, ಗಟ್ಟಿ. ಆದರೆ ಸದ್ದು ತಡೆಯುವುದರಲ್ಲಿ ತೀರಾ ದುರ್ಬಲ. 1990ರ ದಶಕದ ಆರಂಭದಲ್ಲಿ ಬ್ರಿಟನ್ನಿನ ರಕ್ಷಣಾ ಸಂಶೋಧನಾ ಸಂಸ್ಥೆಯ ಕೆನ್ ಹೆರಾನ್ ಈ ದೋಷವನ್ನೇ ಗುಣವೆಂದು ಓದಿದರು. ಸದ್ದನ್ನು ಇಷ್ಟು ಸಲೀಸಾಗಿ ದಾಟಿಸುವ ಹಲಗೆ ಸದ್ದು ಮಾಡುವುದರಲ್ಲೂ ಜಾಣನಿರಬೇಕಲ್ಲ! ಈ ಯೋಚನೆಯ ಪೇಟೆಂಟು ವೆರಿಟಿ ಎಂಬ ಆಡಿಯೋ ಸಮೂಹದ ಕೈಗೆ ಬಂತು. ಅಲ್ಲಿ ಹೆನ್ರಿ ಅಝೀಮಾ, ನೀಲ್ ಹ್ಯಾರಿಸ್ ಮೊದಲಾದವರು ಅದನ್ನು ಬೆಳೆಸಿದರು. 1996ರಲ್ಲಿ ಎನ್‌ಎಕ್ಸ್‌ಟಿ ಎಂಬ ಹೆಸರಿನಲ್ಲಿ ಅದು ಮಾರುಕಟ್ಟೆಗೆ ಬಂದಾಗ ಪೆಟ್ಟಿಗೆ ಸ್ಪೀಕರಿನ ಕಾಲ ಮುಗಿಯಿತೆಂಬ ಮಾತು ಜೋರಾಗಿತ್ತು. ಹಾಗೇನೂ ಆಗಲಿಲ್ಲ. ನನ್ನ ಅಂದಾಜಿನಲ್ಲಿ ಇದಕ್ಕೆ ಒಂದು ಕಾರಣ, ಯಾವ ಹಲಗೆಯನ್ನಾದರೂ ಸ್ಪೀಕರ್ ಮಾಡಬಹುದು ಎಂಬ ಘೋಷಣೆಯೇ. ಮಾಡಬಹುದು, ನಿಜ, ಆದರೆ ಕೇಳುವಂತಿರಬೇಕಾದರೆ ಹಲಗೆಯ ವಿಷಯದಲ್ಲಿ ಚೌಕಾಶಿ ನಡೆಯುವುದಿಲ್ಲ. 2017ರಲ್ಲಿ ಸೋನಿ ಕಂಪನಿ ತನ್ನ ಓಎಲ್‌ಇಡಿ ಟಿ.ವಿ.ಯ ಪರದೆಯ ಹಿಂದೆಯೇ ಎಕ್ಸೈಟರ್‌ಗಳನ್ನು ಕೂರಿಸಿ ಪರದೆಯಿಂದಲೇ ಮಾತಾಡಿಸಿದಾಗ ಕೂಡ ಮಂದ್ರಸ್ವರಕ್ಕೆ ಪ್ರತ್ಯೇಕ ವೂಫರ್ ಇಡಬೇಕಾಯಿತು.

ಹಲಗೆ ತುಂಡುತುಂಡಾಗಿ ನಡುಗುವುದನ್ನು ಕಣ್ಣಿಗೆ ತೋರಿಸಿದವರು ಜರ್ಮನಿಯ ಅರ್ನ್‌ಸ್ಟ್ ಕ್ಲಾಡ್ನಿ. 1787ರ ತಮ್ಮ ಪುಸ್ತಕದಲ್ಲಿ ಅವರು ಲೋಹದ ತಗಡಿನ ಮೇಲೆ ಮರಳು ಉದುರಿಸಿ, ಅಂಚಿಗೆ ಕಮಾನು ಎಳೆದು ಮೂಡಿಸಿದ ಚಿತ್ತಾರಗಳನ್ನು ಕೊಟ್ಟರು. ಒಂದೊಂದು ಚಿತ್ತಾರವೂ ನಡುಕದ ಒಂದೊಂದು ಬಗೆ. ತಂತ್ರಜ್ಞರು ಅದನ್ನು ಮೋಡ್ ಎನ್ನುತ್ತಾರೆ. ನಮ್ಮ ವಾದಕ್ಕೆ ಹೆಚ್ಚು ಹತ್ತಿರವಾದ ಸಾಕ್ಷ್ಯ ಬೆಂಗಳೂರಿನಲ್ಲೇ ಇದೆ. ಸಿ.ವಿ. ರಾಮನ್ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದ್ದಾಗ, 1934ರಲ್ಲಿ, ಭಾರತೀಯ ಚರ್ಮವಾದ್ಯಗಳ ಬಗ್ಗೆ ಪ್ರಬಂಧ ಪ್ರಕಟಿಸಿದರು. ಸುಮ್ಮನೆ ಬಿಗಿದ ಚರ್ಮದ ಮೋಡ್‌ಗಳಿಗೆ ಪರಸ್ಪರ ಶ್ರುತಿ ಸಂಬಂಧವಿರುವುದಿಲ್ಲ. ಆದ್ದರಿಂದ ಬರಿಯ ಡೋಲಿನ ಸದ್ದು ಬಡಿತವಾಗುತ್ತದೆಯೇ ಹೊರತು ಸ್ವರವಾಗುವುದಿಲ್ಲ. ಮೃದಂಗದ ನಡುವಿನ ಕಪ್ಪು ಕರಣೆ ಆ ಮೋಡ್‌ಗಳನ್ನು ಎಳೆದು ತಂದು ಸ್ವರಶ್ರೇಣಿಯಲ್ಲಿ ನಿಲ್ಲಿಸುತ್ತದೆ ಎಂದು ಅವರು ಮರಳಿನ ಚಿತ್ತಾರಗಳ ಮೂಲಕವೇ ತೋರಿಸಿದರು. ವಾದ್ಯದ ಜಾಣ್ಮೆ ಇರುವುದು ಇಲ್ಲಿ: ಕೆಲವೇ ಮೋಡ್‌ಗಳು, ಶ್ರುತಿಗೆ ಹೊಂದಿಕೊಂಡವು, ಬೇಗ ಆರದಂಥವು. ಸ್ಪೀಕರಿನ ಹಲಗೆಗೆ ಬೇಕಾದದ್ದು ಸರಿಯಾಗಿ ಇದರ ವಿರುದ್ಧ. ಮೋಡ್‌ಗಳು ನೂರಾರು ಇರಬೇಕು, ಒಂದಕ್ಕೊಂದು ಶ್ರುತಿ ಕೂಡಬಾರದು, ಎಲ್ಲೂ ಗುಂಪುಗೂಡದೆ ಒತ್ತೊತ್ತಾಗಿ ಹರಡಿರಬೇಕು, ಬೇಗ ಆರಬೇಕು. ಯಾವುದೇ ಒಂದು ಮೋಡ್ ಎದ್ದು ನಿಂತರೆ ಆ ಸ್ವರ ಬಂದಾಗಲೆಲ್ಲ ಹಲಗೆ ತಾನೂ ಹಾಡಲು ಶುರುಮಾಡುತ್ತದೆ.

ಎಕ್ಸೈಟರನ್ನು ಹಲಗೆಯ ನಟ್ಟನಡುವೆ ಅಂಟಿಸಬಾರದೆನ್ನುವುದೂ ಇದಕ್ಕಾಗಿಯೇ. ನಡುಮಧ್ಯದಲ್ಲಿ ಮುಕ್ಕಾಲು ಪಾಲು ಮೋಡ್‌ಗಳು ಅಲುಗದೆ ನಿಂತಿರುತ್ತವೆ. ಅಲ್ಲಿ ತಳ್ಳಿದರೆ ಅವು ಏಳುವುದೇ ಇಲ್ಲ. ಎನ್‌ಎಕ್ಸ್‌ಟಿಯ ಪೇಟೆಂಟಿನಲ್ಲಿ ಉದ್ದದ 4/9, ಅಗಲದ 3/7ರ ಆಸುಪಾಸಿನ ಜಾಗಗಳನ್ನು ಸೂಚಿಸಿದ್ದರು. ಚೌಕ ಹಲಗೆಯೂ ಬೇಡ. ಎರಡು ದಿಕ್ಕಿನ ಮೋಡ್‌ಗಳು ಒಂದೇ ಆವರ್ತನದಲ್ಲಿ ಬಂದು ಕೂರುತ್ತವೆ. ಇಷ್ಟು ತಿಳಿದಿದ್ದರೆ ಸಾಕು, ಜಾಗದ ವಿಷಯದಲ್ಲಿ ಮಿಲಿಮೀಟರಿನ ಪೂಜೆ ಅಗತ್ಯವಿಲ್ಲ.

ಇನ್ನು ಲೆಕ್ಕಕ್ಕೆ ಬರೋಣ. 3 ಮಿ.ಮೀ. ಪ್ಲೈವುಡ್ ಒಂದು ಚದರ ಮೀಟರಿಗೆ ಸುಮಾರು 1.8 ಕಿಲೋ ತೂಗುತ್ತದೆ. ತಾರಸಿಗೆ ಹಾಸುವ ಎಕ್ಸ್‌ಪಿಎಸ್ ಹಾಳೆ, ಅದೇ ನೀಲಿಯೋ ಗುಲಾಬಿಯೋ ಬಣ್ಣದ ಒತ್ತಾದ ಫೋಮು, 25 ಮಿ.ಮೀ. ದಪ್ಪಕ್ಕೆ ಸುಮಾರು 0.8 ಕಿಲೋ ಮಾತ್ರ. ಪದಾರ್ಥವಾಗಿ ನೋಡಿದರೆ ಪ್ಲೈವುಡ್ ಈ ಫೋಮಿಗಿಂತ ಮುನ್ನೂರು ನಾನೂರು ಪಟ್ಟು ಬಿಗಿ. ಹಲಗೆಯಾಗಿ ನೋಡಿದಾಗ ಕಥೆ ಬೇರೆ. ಬಾಗುವುದನ್ನು ತಡೆಯುವ ಶಕ್ತಿ ದಪ್ಪದ ಘನದಂತೆ ಏರುತ್ತದೆ. ದಪ್ಪ ಎಂಟು ಪಟ್ಟಾದಾಗ ಆ ಶಕ್ತಿ ಐನೂರು ಪಟ್ಟು ದಾಟುತ್ತದೆ. ಆದ್ದರಿಂದ ಅರ್ಧಕ್ಕಿಂತ ಕಡಿಮೆ ತೂಕದ ಫೋಮ್ ಹಲಗೆ ಪ್ಲೈವುಡ್ಡಿಗಿಂತ ಒಂದೂವರೆ ಪಟ್ಟು ಬಿಗಿಯಾಗಿ ನಿಲ್ಲುತ್ತದೆ. ನಾನು ಮೇಲೆ ಹೇಳಿದ ಗಡಿ ಪ್ಲೈವುಡ್ಡಿನಲ್ಲಿ 6,000 ಹರ್ಟ್ಜ್‌ನ ಸುಮಾರಿಗೆ ಬಿದ್ದರೆ ಫೋಮಿನಲ್ಲಿ 3,300ರ ಸುಮಾರಿಗೆ ಬೀಳುತ್ತದೆ. ಆ ಗಡಿಯ ಕೆಳಗೆ, ಅಂದರೆ ಮಾತು ಮತ್ತು ಸಂಗೀತದ ಬಹುಪಾಲು ಇರುವಲ್ಲಿ, ಚದರ ಮೀಟರಿನ ತೂಕ ಅರ್ಧವಾದರೆ ಅದೇ ತಳ್ಳುವಿಕೆಗೆ ಸುಮಾರು 6 ಡೆಸಿಬಲ್ ಹೆಚ್ಚು ಸದ್ದು ಬರುತ್ತದೆ. 6 ಡೆಸಿಬಲ್ ಎಂದರೆ ಆಂಪ್ಲಿಫೈಯರಿನ ಶಕ್ತಿಯನ್ನು ನಾಲ್ಕು ಪಟ್ಟು ಮಾಡಿದಂತೆ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಸಿಗುವ ಪುಟ್ಟ ಕ್ಲಾಸ್-ಡಿ ಆಂಪ್ಲಿಫೈಯರ್ ಬೋರ್ಡಿನಿಂದ ಕೆಲಸ ಸಾಗಿಸಬೇಕೆನ್ನುವವರಿಗೆ ಇದು ಸಣ್ಣ ಮಾತಲ್ಲ.

ಇದೇ ತಕ್ಕಡಿಯಲ್ಲಿ ಉಳಿದವನ್ನೂ ತೂಗಬಹುದು. 3 ಮಿ.ಮೀ. ಅಕ್ರಿಲಿಕ್ ಪ್ಲೈವುಡ್ಡಿನ ಎರಡು ಪಟ್ಟು ಭಾರ, ಬಿಗುವಿನಲ್ಲಿ ಅದರ ಅರ್ಧ. ಗಡಿ 12,000 ಹರ್ಟ್ಜ್ ದಾಟಿ ಹೋಗುತ್ತದೆ. ಪಾರದರ್ಶಕ ಸ್ಪೀಕರ್ ಎಂದು ಮೆಚ್ಚಿಸಬಹುದೇ ವಿನಾ ಕೇಳಿಸಲು ಅದು ಸೋಮಾರಿ. 4 ಮಿ.ಮೀ. ಗಾಜಿನ ಬಿಗುವು ಅಪಾರ, ಆದರೆ ಚದರ ಮೀಟರಿಗೆ 10 ಕಿಲೋ. ಅದೇ ಎಕ್ಸೈಟರಿಗೆ ಅದು ಪ್ಲೈವುಡ್ಡಿನ ಹತ್ತರಲ್ಲೊಂದು ಪಾಲೂ ಅಲುಗುವುದಿಲ್ಲ. ನಮ್ಮಲ್ಲಿ ಜಾಹೀರಾತು ಫಲಕಗಳಿಗೆ ಬಳಸುವ ಸನ್‌ಬೋರ್ಡ್ ಅನೇಕರನ್ನು ಮೋಸಗೊಳಿಸುತ್ತದೆ. ನೋಡಲು ಬಿಳಿ, ನುಣುಪು, ಕತ್ತರಿಸಲು ಸುಲಭ, ಮುಟ್ಟಲು ಹಗುರ. ನಿಜದಲ್ಲಿ ಅದು ಪಿವಿಸಿ. ಹೆಚ್ಚುಕಡಿಮೆ ಪ್ಲೈವುಡ್ಡಿನಷ್ಟೇ ತೂಕವಿದ್ದು ಬಿಗುವಿನಲ್ಲಿ ಅದರ ಏಳರಲ್ಲೊಂದು ಪಾಲು. ಚಿತ್ರಕಲೆಯ ಸಾಮಾನಿನ ಅಂಗಡಿಯಲ್ಲಿ ಸಿಗುವ, ಎರಡೂ ಕಡೆ ಕಾಗದ ಹೊದ್ದ 5 ಮಿ.ಮೀ. ಫೋಮ್ ಬೋರ್ಡ್ ಬೇರೆಯೇ ವಸ್ತು, ಅದು ಒಳ್ಳೆಯದು. ಎರಡಕ್ಕೂ ಅಂಗಡಿಯವರು ಒಂದೇ ಹೆಸರು ಹೇಳುವುದುಂಟು, ಅದಕ್ಕೇ ಒಂದು ತುಂಡು ಮುರಿದು ಅಂಚು ನೋಡಿ ಕೊಳ್ಳುವುದು ಕ್ಷೇಮ.

ಕಾಗದ ಹೊದ್ದ ಬೋರ್ಡು ಯಾಕೆ ಒಳ್ಳೆಯದು ಎಂಬುದರಲ್ಲೇ ಈ ವಿದ್ಯೆಯ ತಿರುಳಿದೆ. ಹಲಗೆ ಬಾಗುವಾಗ ಹೊರಮೈ ಹಿಗ್ಗುತ್ತದೆ, ಒಳಮೈ ಕುಗ್ಗುತ್ತದೆ, ನಡುಭಾಗ ಬಹುತೇಕ ಸುಮ್ಮನಿರುತ್ತದೆ. ಬಿಗಿಯಾದ ಪದಾರ್ಥವನ್ನು ಎರಡು ಮೈಗಳಲ್ಲಿ ಮಾತ್ರ ಇಟ್ಟು ನಡುವೆ ಹಗುರವಾದದ್ದನ್ನು ತುಂಬಿದರೆ ತೂಕ ಏರದೆ ಬಿಗುವು ಏರುತ್ತದೆ. ವಿಮಾನದ ಜೇನುಗೂಡು ಹಲಗೆಯ ಗುಟ್ಟು ಇಷ್ಟೇ. ಮನೆಯಲ್ಲೂ ಇದು ಸಾಧ್ಯ. ಘನ ಮೀಟರಿಗೆ 20 ಕಿಲೋ ಸಾಂದ್ರತೆಯ, 20 ಮಿ.ಮೀ. ದಪ್ಪದ ಥರ್ಮಾಕೋಲ್ ಹಾಳೆ ಬರಿಮೈಯಲ್ಲಿ ಮೆತ್ತಗೆ, ಸದ್ದು ಮಂಕು. ಅದರ ಎರಡೂ ಮೈಗೆ ಸಾಧಾರಣ ಬರೆಯುವ ಕಾಗದವನ್ನು ನೀರು ಬೆರೆಸಿದ ಫೆವಿಕಾಲಿನಿಂದ ಸುಕ್ಕಿಲ್ಲದಂತೆ ಅಂಟಿಸಿದರೆ, ಕಾಗದದ ತೂಕ ಚದರ ಮೀಟರಿಗೆ 160 ಗ್ರಾಂ ಮಾತ್ರ ಸೇರುತ್ತದೆ. ಬಿಗುವು ಲೆಕ್ಕದ ಪ್ರಕಾರ ಹದಿನೈದು ಪಟ್ಟು ಹೆಚ್ಚುತ್ತದೆ. ನಡುವಿನ ಥರ್ಮಾಕೋಲ್ ಒಳಗೊಳಗೇ ಜಾರಿ ಬಾಗುವುದರಿಂದ, ತಾರಸ್ವರಗಳಲ್ಲಂತೂ, ಕೈಗೆ ಸಿಗುವ ಲಾಭ ಅದಕ್ಕಿಂತ ಕಡಿಮೆ. ಆದರೂ ವ್ಯತ್ಯಾಸ ಕಿವಿಗೆ ತಟ್ಟುವಷ್ಟು ಇದ್ದೇ ಇರುತ್ತದೆ. ಎಕ್ಸ್‌ಪಿಎಸ್ ಹಾಳೆಯಾದರೆ ಮೇಲಿನ ನುಣುಪು ಪದರವನ್ನು ಉಪ್ಪುಕಾಗದದಿಂದ ಉಜ್ಜಿ, ತೆಳು ಫೆವಿಕಾಲನ್ನು ಎರಡು ಕೈ ಬಳಿದರೂ ನಡೆಯುತ್ತದೆ. ಬಳಿದಷ್ಟೂ ಒಳ್ಳೆಯದೆಂದು ಬಕೆಟ್ಟುಗಟ್ಟಲೆ ಸುರಿಯುವವರಿದ್ದಾರೆ. ಹಾಗೆ ಮಾಡಿದರೆ ತೂಕದ ಲಾಭವೆಲ್ಲ ಅಂಟಿನಲ್ಲೇ ಹೋಗುತ್ತದೆ.

ಹಗುರ, ಬಿಗಿ ಎಂದು ಇಷ್ಟು ಹೊಗಳಿದ ಮೇಲೆ ಅದರ ಬೆಲೆಯನ್ನೂ ಹೇಳಬೇಕು. ಹಲಗೆ ಬಿಗಿಯಾದಷ್ಟೂ, ಹಗುರಾದಷ್ಟೂ ಮೋಡ್‌ಗಳ ಸಂಖ್ಯೆ ಇಳಿಯುತ್ತದೆ. 60 ಸೆಂ.ಮೀ. ಅಗಲ, 90 ಸೆಂ.ಮೀ. ಉದ್ದದ ಪ್ಲೈವುಡ್ಡಿನಲ್ಲಿ ಸರಾಸರಿ 11 ಹರ್ಟ್ಜ್‌ಗೊಂದು ಮೋಡ್ ಇದ್ದರೆ ಅದೇ ಅಳತೆಯ ಫೋಮಿನಲ್ಲಿ 21 ಹರ್ಟ್ಜ್‌ಗೊಂದು. 1,000 ಹರ್ಟ್ಜ್‌ನ ಮೇಲೆ ಈ ವ್ಯತ್ಯಾಸವನ್ನು ಯಾರೂ ಗಮನಿಸುವುದಿಲ್ಲ. 100ರಿಂದ 200 ಹರ್ಟ್ಜ್‌ನ ನಡುವೆ ಮಾತ್ರ ಪ್ಲೈವುಡ್ಡಿಗೆ ಒಂಬತ್ತು ಮೋಡ್‌ಗಳು, ಫೋಮಿಗೆ ಐದು. ಅಲ್ಲಿ ಕಂದಕಗಳು ಬೀಳುತ್ತವೆ. ಮರದ ಪಕ್ಷದವರು ಈ ಅಂಶವನ್ನು ಎತ್ತಿದರೆ ಅದು ಗೌರವಿಸಬೇಕಾದ ಆಕ್ಷೇಪ. ಆದರೆ ಮೋಡ್‌ಗಳ ಸಂಖ್ಯೆ ಹಲಗೆಯ ವಿಸ್ತೀರ್ಣದೊಂದಿಗೆ ನೇರವಾಗಿ ಏರುತ್ತದೆ. ಹಲಗೆಯನ್ನು ದೊಡ್ಡದು ಮಾಡಿದರೆ ಕೊರತೆ ತುಂಬುತ್ತದೆ, ಮತ್ತು ದೊಡ್ಡ ಹಲಗೆಯ ಭಾರ ಹೊರಲು ಕಷ್ಟಪಡಬೇಕಾದದ್ದು ಪ್ಲೈವುಡ್ಡು, ಫೋಮಲ್ಲ. ಎಕ್ಸ್‌ಪಿಎಸ್ ಹಾಳೆ ಅಂಗಡಿಯಲ್ಲೇ 125 ಸೆಂ.ಮೀ. ಉದ್ದ, 60 ಸೆಂ.ಮೀ. ಅಗಲದಲ್ಲಿ ಸಿಗುತ್ತದೆ. ಕತ್ತರಿಸದೆ ಇಡಿಯಾಗಿಯೇ ಬಳಸುವುದು ಮೇಲು.

ಮರದ ಪಕ್ಷದವರ ಇನ್ನೊಂದು ಮಾತು, ಫೋಮಿನ ಸದ್ದಿನಲ್ಲಿ ಜೀವವಿಲ್ಲ ಎನ್ನುವುದು. ಅವರು ಜೀವ ಎನ್ನುವುದನ್ನು ಗಮನವಿಟ್ಟು ಕೇಳಿದರೆ ಅದು ಹಲಗೆಯ ಅನುರಣನ. ಮರದ ಒಳಗೆ ನಡುಕ ನಿಧಾನವಾಗಿ ಆರುತ್ತದೆ. ಫೋಮು ಅದನ್ನು ಬೇಗ ನುಂಗುತ್ತದೆ. ತಂಬೂರಿಯ ಶ್ರುತಿಯನ್ನೋ ಕೊಳಲಿನ ದೀರ್ಘ ಸ್ವರವನ್ನೋ ಹಾಕಿ ಹೋಲಿಸಿದರೆ ಪ್ಲೈವುಡ್ಡೇ ಗೆಲ್ಲುತ್ತದೆ, ಯಾಕೆಂದರೆ ಅಲ್ಲಿ ಅನುರಣನ ಸಿಹಿಯಾಗಿ ಬೆರೆತುಹೋಗುತ್ತದೆ. ಪರೀಕ್ಷೆ ಮಾಡಬೇಕಾದದ್ದು ಕಛೇರಿಯ ತಾಳವಾದ್ಯಗಳ ತನಿ ಆವರ್ತನದಿಂದ. ಮೃದಂಗದ ಒಂದು ಪೆಟ್ಟಿಗೂ ಮುಂದಿನದಕ್ಕೂ ನಡುವಿನ ನಿಶ್ಶಬ್ದ ನಿಶ್ಶಬ್ದವಾಗಿ ಉಳಿಯುತ್ತದೆಯೇ, ಖಂಜಿರದ ಗಿಲಕು ಬೇರೆಯಾಗಿ ಕೇಳುತ್ತದೆಯೇ ಎಂದು ನೋಡಬೇಕು. ಇನ್ನೂ ಸುಲಭದ್ದು ಆಕಾಶವಾಣಿಯ ವಾರ್ತೆ: ಶ, ಷ, ಸ, ಚ ಅಕ್ಷರಗಳು ಒಂದಕ್ಕೊಂದು ಅಂಟದೆ ಬಿಡಿಬಿಡಿಯಾಗಿ ಬರಬೇಕು. ಅಲ್ಲಿ ಪ್ಲೈವುಡ್ಡಿನ ಜೀವವೇ ಅದರ ದೋಷವಾಗಿ ಕಾಣಿಸಿಕೊಳ್ಳುತ್ತದೆ. ಅಂಚಿಗೆ ಫೋಮ್ ಟೇಪು ಕೊಟ್ಟು ಚೌಕಟ್ಟಿನಲ್ಲಿ ಕೂರಿಸಿದರೆ ಮರವನ್ನೂ ತಕ್ಕಮಟ್ಟಿಗೆ ಹದಕ್ಕೆ ತರಬಹುದು ಎಂಬುದನ್ನು ಒಪ್ಪುತ್ತೇನೆ. ಆದರೆ ಹಾಡುವ ಹಲಗೆಯನ್ನು ತಂದು ಅದರ ಬಾಯಿ ಮುಚ್ಚಿಸುವುದಕ್ಕಿಂತ ಮಿತಭಾಷಿಯನ್ನೇ ತರುವುದು ಕಡಿಮೆ ಶ್ರಮದ ಕೆಲಸ.

ಅಳತೆಯ ಮೈಕ್ರೊಫೋನ್ ಹಿಡಿದವರ ಆಕ್ಷೇಪ ಬೇರೆ ಜಾತಿಯದು. ಇಂಥ ಹಲಗೆಯ ಮುಂದೆ ಮೈಕ್ ಇಟ್ಟರೆ ಯಾವ ಆವರ್ತನಕ್ಕೆ ಎಷ್ಟು ಸದ್ದೆಂದು ತೋರಿಸುವ ರೇಖೆ ಗರಗಸದ ಹಲ್ಲಿನಂತೆ ಮೊನಚುಮೊನಚು. ಒಳ್ಳೆಯ ಪೆಟ್ಟಿಗೆ ಸ್ಪೀಕರಿನ ರೇಖೆ ಅದರ ಮುಂದೆ ನುಣ್ಣಗೆ. ಇದು ನಿಜ. ಆದರೆ ಮೈಕನ್ನು ಒಂದು ಗೇಣು ಸರಿಸಿದರೆ ಹಲ್ಲುಗಳೆಲ್ಲ ಜಾಗ ಬದಲಿಸುತ್ತವೆ. ಹಲಗೆಯ ಪ್ರತಿಯೊಂದು ಭಾಗವೂ ಬೇರೆ ಹದದಲ್ಲಿ ನಡುಗುವುದರಿಂದ ಪ್ರತಿಯೊಂದು ದಿಕ್ಕಿಗೂ ಸ್ವಲ್ಪ ಬೇರೆಯದೇ ಸದ್ದು ಹೋಗುತ್ತದೆ. ಕೋಣೆಯಲ್ಲಿ ಅವೆಲ್ಲ ಕೂಡಿ ಸರಾಸರಿಯಾಗುತ್ತವೆ. ಕಿವಿಯೂ ಹತ್ತಿರದ ಆವರ್ತನಗಳನ್ನು ಒಂದು ಪಟ್ಟಿಯಾಗಿ ಸೇರಿಸಿಯೇ ಕೇಳುತ್ತದೆ. ಹಾಗೆಂದು ರೇಖೆಯನ್ನೇ ಕಸದ ಬುಟ್ಟಿಗೆ ಹಾಕುವ ಉತ್ಸಾಹಿಗಳ ಜೊತೆ ನಾನಿಲ್ಲ. ಹಲವು ಜಾಗಗಳಲ್ಲಿ ಅಳೆದು ಸರಾಸರಿ ತೆಗೆದ ಮೇಲೂ ಒಂದು ಗುಡ್ಡ ಉಳಿದರೆ ಅದು ಹಲಗೆಯ ಸ್ವಂತ ದನಿಯೇ ಸರಿ, ಸರಿಪಡಿಸಲೇಬೇಕು.

ಮಂದ್ರ ಬರುವುದಿಲ್ಲ ಎಂಬ ದೂರಿಗೆ ಉತ್ತರವಿಲ್ಲ, ಪರಿಹಾರವಿದೆ. ಹಲಗೆಯ ಮುಂಭಾಗ ಗಾಳಿಯನ್ನು ತಳ್ಳುವಾಗ ಹಿಂಭಾಗ ಎಳೆಯುತ್ತದೆ. ಉದ್ದ ಅಲೆಗಳು ಅಂಚನ್ನು ಸುತ್ತಿ ಬಂದು ಒಂದನ್ನೊಂದು ಅಳಿಸುತ್ತವೆ. ಮನೆಯ ಅಳತೆಯ ಹಲಗೆಯಲ್ಲಿ ಸುಮಾರು 200 ಹರ್ಟ್ಜ್‌ನಿಂದಲೇ ಇಳಿಜಾರು ಶುರು. ಯಾವ ಪದಾರ್ಥವೂ ಇದನ್ನು ತಪ್ಪಿಸಲಾರದು. ಗೋಡೆಯಿಂದ ಒಂದೆರಡು ಅಡಿ ಮುಂದೆ ನಿಲ್ಲಿಸಿದರೆ ಸ್ವಲ್ಪ ಮೇಲು, ಅಷ್ಟೇ. 120 ಹರ್ಟ್ಜ್‌ನ ಕೆಳಗಿನದನ್ನು ಒಂದು ಸಬ್‌ವೂಫರಿಗೆ ವಹಿಸಿ, ಎಕ್ಸೈಟರಿಗೆ ಅದು ಹೋಗದಂತೆ ತಡೆಯುವುದೇ ಸರಿಯಾದ ದಾರಿ. ಇದರಿಂದ ಸುರುಳಿ ಬಿಸಿಯಾಗುವುದೂ ತಪ್ಪುತ್ತದೆ. ಸ್ಟೀರಿಯೊ ಚಿತ್ರ ಮಸುಕು ಎನ್ನುವವರಿಗೆ ಹೇಳಬೇಕಾದದ್ದು ಇನ್ನೂ ಕಡಿಮೆ. ಒಂಟಿ ಕುರ್ಚಿಯಲ್ಲಿ ಕುಳಿತು ಗಾಯಕಿಯ ತುಟಿ ಎಲ್ಲಿದೆ ಎಂದು ಬೆರಳು ತೋರಿಸಬೇಕೆನ್ನುವವರು ಪೆಟ್ಟಿಗೆ ಸ್ಪೀಕರನ್ನೇ ಕೊಳ್ಳಲಿ. ಕೋಣೆಯ ಯಾವ ಮೂಲೆಯಲ್ಲಿ ಕುಳಿತರೂ, ಅಡುಗೆಮನೆಗೂ ಪಡಸಾಲೆಗೂ ಓಡಾಡುತ್ತಿದ್ದರೂ ಒಂದೇ ಹದದ ಸದ್ದು ಬೇಕೆನ್ನುವವರಿಗೆ ಈ ಹಲಗೆ.

ನಮ್ಮ ಹವೆಗೂ ಈ ಆಯ್ಕೆಗೂ ಸಂಬಂಧವಿದೆ. ಕರಾವಳಿ, ಮಲೆನಾಡುಗಳ ಮಳೆಗಾಲದಲ್ಲಿ ರಟ್ಟಿನ ಜೇನುಗೂಡು ಹಲಗೆ ತೇವ ಕುಡಿದು ಮೆತ್ತಗಾಗುತ್ತದೆ, ತೆಳು ಪ್ಲೈವುಡ್ ಸೊಟ್ಟಗಾಗುತ್ತದೆ. ಎಕ್ಸ್‌ಪಿಎಸ್ ನೀರು ಹೀರುವುದಿಲ್ಲ. ಆದರೆ ಅದಕ್ಕೆ ಎರಡು ಶತ್ರುಗಳಿವೆ. ಒಂದು, ಪೆಟ್ರೋಲು, ತಿನ್ನರು, ರಬ್ಬರ್ ಸಲ್ಯೂಷನ್. ಇವು ಈ ಫೋಮಿನ ಮೂಲವಸ್ತುವಾದ ಪಾಲಿಸ್ಟೈರೀನನ್ನು ಕರಗಿಸಿಬಿಡುತ್ತವೆ, ಆದ್ದರಿಂದ ನೀರಿನ ಬಣ್ಣ, ನೀರಿನ ಅಂಟು ಮಾತ್ರ. ಇನ್ನೊಂದು, ಬೆಂಕಿ. ಈ ಫೋಮು ಹೊತ್ತಿಕೊಂಡರೆ ಕಪ್ಪು ಹೊಗೆಯುಗುಳುತ್ತ ಕರಗಿ ತೊಟ್ಟಿಕ್ಕುತ್ತದೆ. ದೇವರ ದೀಪದ ಬಳಿ, ಒಲೆಯ ಬಳಿ, ಹಳೆಯ ವೈರಿಂಗಿನ ಪಕ್ಕ ಇದನ್ನು ತೂಗುಹಾಕಬಾರದು. ಅಂಥ ಜಾಗದಲ್ಲಿ ನಾನು ಇಷ್ಟು ಹೊತ್ತು ಬೈದ ಪ್ಲೈವುಡ್ಡಿಗೇ ನನ್ನ ಮತ. ಎಕ್ಸೈಟರಿನ ಶಾಖವನ್ನೂ ಲೆಕ್ಕಕ್ಕೆ ಹಿಡಿಯಬೇಕು. ಫೋಮು ಶಾಖವನ್ನು ಹೊರಗೆ ಬಿಡುವುದಿಲ್ಲ, 75 ಡಿಗ್ರಿಯ ಸುಮಾರಿಗೆ ಮೆತ್ತಗಾಗತೊಡಗುತ್ತದೆ. ಒಂದೇ ಎಕ್ಸೈಟರಿಗೆ ಹೆಚ್ಚು ಶಕ್ತಿ ತುಂಬುವ ಬದಲು ಎರಡನ್ನು ಹಾಕಿ ಹೊರೆ ಹಂಚುವುದು, ಅಯಸ್ಕಾಂತದ ಭಾರ ಹಲಗೆಯ ಮೇಲೆ ಜೋತುಬೀಳದಂತೆ ಹಿಂದಿನಿಂದ ಒಂದು ಪಟ್ಟಿಯ ಆಸರೆ ಕೊಡುವುದು ಒಳ್ಳೆಯ ಪದ್ಧತಿ.

ಕೊನೆಗೆ ಉಳಿಯುವುದು ಫೋಮಿನ ನಿಜವಾದ ದೌರ್ಬಲ್ಯ: ತುತ್ತತುದಿಯ ತಾರಸ್ವರ. ಸುರುಳಿಯ ಕೆಳಗಿನ ಫೋಮು ತಾನೇ ಅದುಮಿಕೊಂಡು ಅತಿ ಸೂಕ್ಷ್ಮ ನಡುಕವನ್ನು ಅಲ್ಲೇ ನುಂಗುತ್ತದೆ. ಸುರುಳಿ ಕೂರುವ ಜಾಗಕ್ಕೆ ತೆಳುವಾದ ಗಟ್ಟಿ ಬಿಲ್ಲೆಯೊಂದನ್ನು ಅಂಟಿಸಿದರೆ ಒಂದಿಷ್ಟು ಸುಧಾರಿಸುತ್ತದೆ. ಒಂದೇ ಹಲಗೆಯಿಂದ ಎಲ್ಲ ಸ್ವರವನ್ನೂ ತೆಗೆಯಬೇಕು, ಇಲ್ಲದಿದ್ದರೆ ವಿದ್ಯೆಗೇ ಅಪಚಾರ ಎನ್ನುವ ಮಡಿವಂತರು ಇಲ್ಲಿ ಮತ್ತೆ ಮರಕ್ಕೆ ಮರಳುತ್ತಾರೆ. ಮಂದ್ರವನ್ನು ಸಬ್‌ವೂಫರಿಗೆ ಬಿಟ್ಟುಕೊಟ್ಟ ಮೇಲೆ ತಾರವನ್ನು ಟ್ವೀಟರಿಗೆ ಬಿಟ್ಟುಕೊಡಲು ಸಂಕೋಚ ಯಾಕೆಂದು ನನಗೆ ತಿಳಿಯದು. 8 ಓಮಿನ ಸಣ್ಣ ಟ್ವೀಟರೊಂದನ್ನು ಹಲಗೆಯ ಅಂಚಿನ ಪಕ್ಕ ಚೌಕಟ್ಟಿಗೆ ಬಿಗಿದು, 3.3 ಮೈಕ್ರೋಫ್ಯಾರಡ್‌ನ ಒಂದು ಕೆಪಾಸಿಟರನ್ನು ಸರಣಿಯಲ್ಲಿ ಕೊಟ್ಟರೆ ಅದು 6,000 ಹರ್ಟ್ಜ್‌ನ ಮೇಲಿನದನ್ನು ನೋಡಿಕೊಳ್ಳುತ್ತದೆ. ಅದಕ್ಕಿಂತ ಕೆಳಗಿನದಕ್ಕೆ ಫೋಮು ಸಾಕು.